ಕ್ಯಾಲಥಿಯಾದ ಎಲೆಯಂಚು ಸುಡುವುದೇಕೆ?

ತುರುವೇಕೆರೆ ಕಡೆಯ ಓದುಗರೊಬ್ಬರು ತಮ್ಮ ಕ್ಯಾಲಥಿಯಾ ಎಂಬ ಅಲಂಕಾರದ ಗಿಡದ ಫೋಟೊ ಕಳಿಸಿದ್ದಾರೆ. ಎಲೆಯ ನಡುವಿನ ಪಟ್ಟೆಗಳು ಚೆನ್ನಾಗಿಯೇ ಇವೆ; ಅಂಚು ಮಾತ್ರ ಕಂದಾಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುವ ಹಾಗಿದೆ. ರೋಗವೆಂದು ಹೆದರಿ ಔಷಧಿಯನ್ನೂ ಹೊಡೆದಿದ್ದಾರೆ. ದುಡ್ಡು ದಂಡ.

ಮೊದಲ ಅನುಮಾನ ನೀರಿನ ಮೇಲೆ. ತುಮಕೂರು ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರು ಗಡಸು, ಕೆಲವೆಡೆ ಫ್ಲೋರೈಡ್ ಕೂಡ ಹೆಚ್ಚು. ತೆಂಗು ಉಪ್ಪಿನ ನೀರಿಗೂ ಅಷ್ಟಾಗಿ ಬಗ್ಗದು. ದಕ್ಷಿಣ ಅಮೆರಿಕದ ಮಳೆಕಾಡಿನ ನೆರಳಲ್ಲಿ ಹುಟ್ಟಿದ ಕ್ಯಾಲಥಿಯಾ ಹಾಗಲ್ಲ. ಬೇರು ಹೀರಿದ ಲವಣ ಎಲೆಯಂಚಿಗೆ ಬಂದು ಕೂಡಿಕೊಳ್ಳುತ್ತದೆ, ಅಲ್ಲೇ ಸುಡುತ್ತದೆ. ಹಿಡಿದಿಟ್ಟ ಮಳೆನೀರು ಉತ್ತಮ. ಇಲ್ಲವಾದರೆ ಊರಿನ ಶುದ್ಧ ನೀರಿನ ಘಟಕದ ನೀರು.

ಎರಡನೆಯದು ತೆಂಗಿನ ನಾರಿನ ಪುಡಿ. ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅದಕ್ಕೇನು ಬರ! ನಾರಿನ ಫ್ಯಾಕ್ಟರಿಯ ರಾಶಿಯಿಂದ ತಂದು ಹಾಗೇ ಕುಂಡಕ್ಕೆ ತುಂಬುವುದೇ ತಪ್ಪು. ಹಸಿ ಪುಡಿಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಲವಣಗಳಿರುತ್ತವೆ. ಬಕೆಟ್ಟಿನಲ್ಲಿ ರಾತ್ರಿ ನೆನೆಸಿ, ಕಂದು ನೀರು ಚೆಲ್ಲಿ, ತಿಳಿಯಾಗುವವರೆಗೆ ತೊಳೆಯಬೇಕು. ಎರಡು ಪಾಲು ಪುಡಿಗೆ ಒಂದು ಪಾಲು ಸಿಪ್ಪೆಯ ಚೂರು, ಒಂದು ಪಾಲು ಎರೆಗೊಬ್ಬರ ಸಾಕು.

ಮಾರ್ಚ್–ಏಪ್ರಿಲ್‌ನ ಒಣಗಾಳಿಯೂ ಈ ಗಿಡಕ್ಕೆ ಶತ್ರು. ನೀರು ಚಿಮುಕಿಸುವುದರಿಂದ ಮನಸ್ಸಿಗೆ ಸಮಾಧಾನ, ಗಿಡಕ್ಕೆ ಅಷ್ಟೇನಿಲ್ಲ. ನಾಲ್ಕಾರು ಕುಂಡಗಳನ್ನು ಒತ್ತಾಗಿ ನೆರಳಲ್ಲಿಡುವುದು ಮೇಲು. ಸಂಜೆ ಎಲೆಗಳು ಮೇಲಕ್ಕೆ ಮಡಿಚಿಕೊಂಡರೆ ಗಾಬರಿ ಬೇಡ, ಅದು ಅದರ ಸ್ವಭಾವ.

ಸುಟ್ಟ ಅಂಚು ಮತ್ತೆ ಹಸಿರಾಗದು. ಕತ್ತರಿಯಿಂದ ತೆಗೆದು, ಮುಂದೆ ಸುರುಳಿ ಬಿಚ್ಚುವ ಎಲೆಯನ್ನು ಗಮನಿಸಿ.