ಗಣಕಯಂತ್ರಕ್ಕೆ ಕರೆಯುವ ಹೆಸರುಗಳನ್ನು ಕಲಿಸುವದು



ಶಾಲೆಯ ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಲ್ಲವೂ ಉದ್ದವಾಗಿ ಬರೆದಿರುವವು. ಮನೆಯಲ್ಲಾದರೋ ಅವಳನ್ನು ‘ಅಕ್ಕವ್ವಾ’ ಎಂದು ಒಂದೇ ಮಾತಿನಿಂದ ಕೂಗುವರು. ಅವಳು ಓಡಿ ಬರುವಳು. ಅದೇ ಹೆಸರನ್ನು ರಾಣೇಬೆನ್ನೂರಿನ ಸಂತೆಯಲ್ಲಿ ಕೂಗಿದರೆ ಹತ್ತು ಮಂದಿ ಹೊರಳಿ ನೋಡುವರು. ಗಣಕಯಂತ್ರದ ಆಜ್ಞೆಗಳಿಗೂ ಇಂಥ ಕರೆಯುವ ಹೆಸರುಗಳನ್ನು ಇಡಲು ಬರುತ್ತದೆ. ಇವಕ್ಕೆ ‘ಅಲಿಯಾಸ್’ ಎನ್ನುವರು. ಇವುಗಳ ಉಪಯೋಗವನ್ನೂ ಅಪಾಯವನ್ನೂ ಇಲ್ಲಿ ವಿವರಿಸುವೆನು.

1969ರಲ್ಲಿ ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆಯು ಹುಟ್ಟಿತು. ನಾವು ಟೈಪು ಮಾಡಿದ ಮಾತನ್ನು ಓದಿ ಅದರಂತೆ ಯಂತ್ರದಿಂದ ಕೆಲಸ ಮಾಡಿಸುವ ದುಭಾಷಿಗೆ ‘ಶೆಲ್’, ಅಂದರೆ ಚಿಪ್ಪು, ಎಂದು ಹೆಸರಾಯಿತು. 1979ರಲ್ಲಿ ಸ್ಟೀಫನ್ ಬೋರ್ನ್ ಎಂಬವರ ಶೆಲ್ ಹೊರಬಂದಿತು. ಅದೇ ಕಾಲದಲ್ಲಿ ಬಿಲ್ ಜಾಯ್ ಎಂಬವರ ಸಿ ಶೆಲ್ಲಿನಲ್ಲಿ ಅಲಿಯಾಸ್ ಪದ್ಧತಿಯು ಬಂದಿತು. 1989ರಲ್ಲಿ ಬ್ರಾಯನ್ ಫಾಕ್ಸ್ ಎಂಬವರು ‘ಬ್ಯಾಶ್’ ಶೆಲ್ಲನ್ನು ಹೊರತಂದರು. ಇಂದು ಲಿನಕ್ಸ್ ಗಣಕಗಳಲ್ಲಿ ಹೆಚ್ಚಾಗಿ ಕಾಣುವದು ಇದೇ. ಕೇರಳದ ಸರಕಾರಿ ಶಾಲೆಗಳಲ್ಲಿ ಲಿನಕ್ಸ್ ಇರುವದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರ ಮೇಲೆಯೇ ಕಲಿಯುವರು.

ಶೆಲ್ಲು ಎಚ್ಚರಗೊಂಡ ಕೂಡಲೇ ಮೊದಲು ಒಂದು ಕಡತವನ್ನು ಓದುವದು. ಮನೆಯ ಹೆಣ್ಣುಮಗಳು ಮುಂಜಾನೆ ನೀರು ತುಂಬಿ, ಒಲೆ ಹೊತ್ತಿಸಿ, ಆಮೇಲೆ ಅಡಿಗೆಗೆ ತೊಡಗುವಂತೆ, ಅದು ಆ ಕಡತದಲ್ಲಿ ಬರೆದ ಸಿದ್ಧತೆಗಳನ್ನು ಮುಗಿಸಿಯೇ ನಮ್ಮ ಮಾತಿಗೆ ಕಿವಿಗೊಡುವದು. ಬ್ಯಾಶಿನಲ್ಲಿ ಇದಕ್ಕೆ ‘ಡಾಟ್ ಬ್ಯಾಶ್‌ಆರ್‌ಸಿ’ ಎಂದು ಹೆಸರು. ಹೆಸರಿನ ಮೊದಲಿಗೆ ಚುಕ್ಕೆ ಇರುವದರಿಂದ ಸಾಮಾನ್ಯ ಪಟ್ಟಿಯಲ್ಲಿ ಇದು ಕಾಣುವದಿಲ್ಲ. ಎಲ್‌ಎಸ್ ಎಂಬ ಆಜ್ಞೆಗೆ ಒಂದು ಅಡ್ಡಗೆರೆಯನ್ನೂ ಎ ಅಕ್ಷರವನ್ನೂ ಸೇರಿಸಿದರೆ ಕಾಣುವದು. ಹೆಸರು ಗುಪ್ತಪದ ಕೊಟ್ಟು ಒಳಹೋಗುವಾಗ ಮಾತ್ರ ಓದತಕ್ಕ ಕಡತವು ಬೇರೆ. ಅದು ‘ಡಾಟ್ ಪ್ರೊಫೈಲ್’. ಆದರೆ ‘ಡಾಟ್ ಬ್ಯಾಶ್ ಪ್ರೊಫೈಲ್’ ಎಂಬ ಕಡತವನ್ನು ಹೊಸದಾಗಿ ಮಾಡಿದರೆ ಬ್ಯಾಶ್ ಅದನ್ನೇ ಓದಿ ‘ಡಾಟ್ ಪ್ರೊಫೈಲ’ನ್ನು ಬಿಟ್ಟುಬಿಡುವದು. ಬರೆದದ್ದು ಫಲಿಸದೆ ಹೋಗುವದಕ್ಕೆ ಇದು ಒಂದು ಕಾರಣವು.

ಅಲಿಯಾಸ್ ಇಡುವ ಕ್ರಮವು ಸುಲಭ. ಅಲಿಯಾಸ್ ಎಂಬ ಶಬ್ದವನ್ನು ಆಂಗ್ಲ ಅಕ್ಷರಗಳಲ್ಲಿ ಬರೆದು, ತೆರಪು ಬಿಟ್ಟು, ಹೊಸ ಹೆಸರು, ಸಮಚಿಹ್ನೆ, ಬಳಿಕ ಉದ್ಧರಣ ಚಿಹ್ನೆಗಳೊಳಗೆ ಮೂಲ ಆಜ್ಞೆ. ಸಮಚಿಹ್ನೆಯ ಎರಡೂ ಬದಿಗೆ ತೆರಪು ಇರಬಾರದು. ಹೊಸ ಹೆಸರು ಕನ್ನಡದಲ್ಲಿಯೂ ಇರಬಹುದು! ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಲೆಕ್ಕವನ್ನು ಇಡುವ ಮನೆಯವರು ಆ ಕಡತಗಳ ಸ್ಥಳಕ್ಕೆ ಹೋಗುವ ಉದ್ದನ್ನ ಆಜ್ಞೆಗೆ ‘ಲೆಕ್ಕ’ ಎಂದು ಹೆಸರಿಟ್ಟರೆ, ಮುಂದೆ ಆ ಒಂದೇ ಮಾತು ಸಾಕು. ಬರೆದ ನಂತರ ಹೊಸ ಕಿಟಕಿ ತೆರೆಯಬೇಕು; ಇಲ್ಲವೆ ‘ಸೋರ್ಸ್’ ಎಂಬ ಆಜ್ಞೆಯಿಂದ ಕಡತವನ್ನು ಪುನಃ ಓದಿಸಬೇಕು.

ಇನ್ನು ಅಪಾಯದ ಮಾತು. ಆರ್‌ಎಮ್ ಎಂಬದು ಕಡತಗಳನ್ನು ಅಳಿಸುವ ಆಜ್ಞೆ. ಅಳಿಸಿದ್ದನ್ನು ಅದು ಕಸದ ಬುಟ್ಟಿಯಲ್ಲಿಯೂ ಇಡುವದಿಲ್ಲ. ಪ್ರತಿಯೊಂದನ್ನು ಅಳಿಸುವ ಮುಂಚೆ ‘ಅಳಿಸಲೇ?’ ಎಂದು ಕೇಳುವಂತೆ ನಾನು ಅದೇ ಹೆಸರಿಗೆ ಅಲಿಯಾಸ್ ಮಾಡಿಕೊಂಡಿದ್ದೆನು. ಕೆಲವು ವರ್ಷಗಳಲ್ಲಿ ಆ ಪ್ರಶ್ನೆಯನ್ನು ನೆಚ್ಚಿಯೇ ಕೆಲಸ ಮಾಡುವ ರೂಢಿಯಾಯಿತು. ಒಂದು ದಿನ ಕುಮಾರಪಟ್ಟಣದಿಂದ ತುಂಗಭದ್ರೆಯನ್ನು ದಾಟಿ ಹರಿಹರದ ಬಂಧುಗಳ ಮನೆಗೆ ಹೋಗಿ, ಅವರ ಗಣಕದಲ್ಲಿ ನಮ್ಮ ತರಗತಿಯ ಗೆಳತಿಯರ ವಿಳಾಸಪಟ್ಟಿಗಳನ್ನು ತಿದ್ದುತ್ತಿದ್ದೆನು. ಹಳೆಯದೊಂದನ್ನು ತೆಗೆಯಬೇಕೆಂದು, ಪ್ರಶ್ನೆ ಬಂದೇ ಬರುವದೆಂಬ ನಂಬಿಕೆಯಿಂದ, ಎಲ್ಲ ಕಡತಗಳಿಗೂ ಆ ಆಜ್ಞೆ ಕೊಟ್ಟೆನು. ಪ್ರಶ್ನೆ ಬರಲಿಲ್ಲ. ಒಂದು ವರ್ಷ ಕೂಡಿಸಿದ ವಿಳಾಸಗಳು ಒಂದು ನಿಮಿಷದಲ್ಲಿ ಹೋದವು. ಒಬ್ಬ ಗೆಳತಿಯ ಬಳಿ ಇದ್ದ ಪ್ರತಿಯಿಂದ ಅರ್ಧದಷ್ಟು ಮಾತ್ರ ತಿರುಗಿ ದೊರೆತವು. ತಪ್ಪು ಯಂತ್ರದ್ದಲ್ಲ; ಮನೆಯ ಮಾತನ್ನು ಪರಸ್ಥಳದಲ್ಲಿ ಆಡಿದ ನನ್ನದು.

ಆದ್ದರಿಂದ ಈ ನಿಯಮಗಳನ್ನು ನೆನಪಿನಲ್ಲಿಡತಕ್ಕದ್ದು:

1. ಕಡತವನ್ನು ತಿದ್ದುವ ಮುಂಚೆ ಅದರ ಪ್ರತಿಯನ್ನು ತೆಗೆದಿಡಿರಿ.

2. ಹೊಸ ಕಿಟಕಿಯಲ್ಲಿ ಎಲ್ಲವೂ ಸರಿಯಾಗಿ ನಡೆಯುವ ತನಕ ಹಳೆಯ ಕಿಟಕಿಯನ್ನು ಮುಚ್ಚಬೇಡಿರಿ.

3. ಅಪಾಯದ ಆಜ್ಞೆಗೆ ಅದರ ಹೆಸರನ್ನೇ ತಿರುಗಿ ಇಡದೆ, ‘ಕೇಳಿಅಳಿಸು’ ಎಂಬಂಥ ಬೇರೆ ಹೆಸರು ಇಡಿರಿ. ಪರರ ಗಣಕದಲ್ಲಿ ಅಂಥ ಆಜ್ಞೆಯೇ ಇಲ್ಲವೆಂದು ಉತ್ತರ ಬರುವದು, ಹಾನಿಯಾಗದು.

4. ಒಂದು ಹೆಸರಿನ ಹಿಂದೆ ಏನಿದೆ ಎಂಬ ಸಂಶಯ ಬಂದರೆ ‘ಟೈಪ್’ ಎಂಬ ಆಜ್ಞೆಯ ಮುಂದೆ ಆ ಹೆಸರು ಬರೆದು ಕೇಳಿರಿ.

ಮಕ್ಕಳಿಗೆ ಮೂಲ ಆಜ್ಞೆಗಳನ್ನು ಮೊದಲು ಕಲಿಸಿ, ಕರೆಯುವ ಹೆಸರುಗಳನ್ನು ಆಮೇಲೆ ಕಲಿಸುವದು ಲೇಸು. ಹಾಜರಿ ಪುಸ್ತಕದ ಹೆಸರನ್ನು ಬಲ್ಲವಳು ಯಾವ ಊರಿಗೆ ಹೋದರೂ ತಾನು ಯಾರೆಂದು ಹೇಳಬಲ್ಲಳು.