ಕುಡಿತವನ್ನು ಬಿಟ್ಟ ತಂದೆಯ ಶುಶ್ರೂಷೆ: ಒಂದು ಗೃಹಪಾಠ



ಜ್ವರದವರಿಗೆ ಗಂಜಿ ಕಾಯಿಸುವದನ್ನೂ ಗಾಯಕ್ಕೆ ಪಟ್ಟಿ ಕಟ್ಟುವದನ್ನೂ ನಮ್ಮ ಶಾಲೆಯ ಗೃಹಶಾಸ್ತ್ರದ ಪಾಠಗಳಲ್ಲಿ ನೀವು ಕಲಿತಿದ್ದೀರಿ. ಕುಡಿತವನ್ನು ಬಿಟ್ಟ ತಂದೆಯು ಆಮೇಲೆ ದೊಡ್ಡ ರೋಗಕ್ಕೆ ಬಿದ್ದರೆ ಮನೆಯ ಮಗಳು ಮಾಡತಕ್ಕದ್ದೇನೆಂಬದನ್ನು ಮಾತ್ರ ನಾವು ಕಲಿಸಲಿಲ್ಲ. ಕಲಿಸುವಷ್ಟು ತಿಳುವಳಿಕೆಯು ನನಗೂ ಇರಲಿಲ್ಲ. ತಿಳಿಯದೆ ನಾನು ಮಾಡಿದ ತಪ್ಪಿನಿಂದಲೇ ಈ ಪಾಠವನ್ನು ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಚಿತ್ತವಾಡ್ಗಿಯ ಒಬ್ಬ ಹುಡುಗಿಯು ನಮ್ಮಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಳು. ಅಲ್ಲಿಯ ಸಕ್ಕರೆ ಕಾರ್ಖಾನೆಯು ನಿಂತುಹೋದ ಮೇಲೆ ಅವಳ ತಂದೆಯ ಕೆಲಸವೂ ಹೋಗಿತ್ತು. ಮೊದಲೇ ಇದ್ದ ಕುಡಿತವು ಇಮ್ಮಡಿಯಾಗಿತ್ತು. ಒಂದು ದಿನ ಮಗಳ ತಲೆಯ ಮೇಲೆ ಕೈಯಿಟ್ಟು ಆಣೆಮಾಡಿ ಅವರು ಕುಡಿಯುವದನ್ನು ಒಮ್ಮೆಲೇ ನಿಲ್ಲಿಸಿದರು. ಮೂರನೆಯ ರಾತ್ರಿ ಕೈಕಾಲು ನಡುಗಿ, ಗೋಡೆಯ ಮೇಲೆ ಹುಳುಗಳು ಹರಿದಾಡುತ್ತಿವೆಯೆಂದು ಕೂಗತೊಡಗಿದರು. ನೆರೆಯವರು ಗಾಳಿ ಸೋಕಿದೆಯೆಂದರು. ತಾಯಿಯು ಅದಕ್ಕೆ ಕಿವಿಗೊಡದೆ ಆಸ್ಪತ್ರೆಗೆ ಒಯ್ದದ್ದರಿಂದ ಜೀವವು ಉಳಿಯಿತು. ಬಹುಕಾಲ ದಿನವೂ ಕುಡಿದವರು ಹಠಾತ್ತಾಗಿ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಸೆಳವು ಬರಬಹುದು, ಎರಡರಿಂದ ನಾಲ್ಕನೆಯ ದಿನದೊಳಗೆ ಸನ್ನಿಯೇರಬಹುದು. ಇದು ಪ್ರಾಣಕ್ಕೆ ಅಪಾಯಕರ. ಆದುದರಿಂದ ಬಿಡಬೇಕೆಂದು ನಿಶ್ಚಯಿಸಿದವರು ಆ ನಿಶ್ಚಯದೊಡನೆಯೇ ವೈದ್ಯರ ಬಳಿಗೆ ಹೋಗತಕ್ಕದ್ದು.

ಅನಂತರ ಹನ್ನೊಂದು ತಿಂಗಳು ಅವರು ಮದ್ಯವನ್ನು ಮುಟ್ಟಲಿಲ್ಲ. ಹೀಗಿರುವಲ್ಲಿ ಒಂದು ಮಧ್ಯಾಹ್ನ ಮಗಳ ಅಂಕಪಟ್ಟಿಗೆ ಸಹಿ ಹಾಕಲು ಶಾಲೆಗೆ ಬಂದರು. ಮಾತು ತೊದಲುತ್ತಿತ್ತು. ಅಂಗಿಯ ಗುಂಡಿಗಳು ಮೇಲುಕೆಳಗಾಗಿದ್ದವು. ಲೇಖನಿಯನ್ನು ಹಿಡಿದು ತಮ್ಮ ಹೆಸರನ್ನೇ ಬರೆಯಲಾರದೆ ನಕ್ಕರು. ನಾನಾದರೋ ಹತ್ತಿರ ಹೋಗಿ ನೋಡದೆ, ವಾಸನೆಯುಂಟೋ ಇಲ್ಲವೋ ಎಂಬದನ್ನು ಸಹ ವಿಚಾರಿಸದೆ, "ಹೆಣ್ಣುಮಕ್ಕಳ ಶಾಲೆಗೆ ಈ ಸ್ಥಿತಿಯಲ್ಲಿ ಬರಬಹುದೇ?" ಎಂದು ಮಗಳ ಎದುರಿನಲ್ಲಿಯೇ ಗದರಿಸಿ ಕಳುಹಿಸಿದೆನು. ಹುಡುಗಿಯು ಏನೂ ಹೇಳಲಿಲ್ಲ. ಅವಳೂ ನನ್ನಂತೆಯೇ ಎಣಿಸಿದ್ದಳಂತೆ. ಮನೆಯಲ್ಲಿ ಯಾರೂ ಅವರೊಡನೆ ಮಾತಾಡಲಿಲ್ಲ. ಕುಡಿದು ಮಲಗಿದ್ದಾರೆಂದು ಬಿಟ್ಟರು. ಬೆಳಿಗ್ಗೆ ಎಬ್ಬಿಸಿದರೆ ಎಚ್ಚರವಾಗಲಿಲ್ಲ.

ಅದು ಕುಡಿತವಾಗಿರಲಿಲ್ಲ, ಯಕೃತ್ತಿನ ರೋಗವಾಗಿತ್ತು. ನಮ್ಮ ಕರುಳಿನಲ್ಲಿ ಅಮೋನಿಯಾ ಮೊದಲಾದ ವಿಷಗಳು ನಿತ್ಯವೂ ಹುಟ್ಟುತ್ತವೆ. ಯಕೃತ್ತು ಅವುಗಳನ್ನು ಶೋಧಿಸಿ ನಿರುಪದ್ರವಮಾಡುತ್ತದೆ. ವರ್ಷಗಟ್ಟಲೆ ಮದ್ಯದಿಂದ ಬೆಂದು ಗಟ್ಟಿಯಾದ ಯಕೃತ್ತಿಗೆ ಆ ಶಕ್ತಿಯು ಸಾಲದು. ಆಗ ವಿಷವು ಮಿದುಳಿಗೇರುತ್ತದೆ. ಹಗಲು ನಿದ್ದೆ, ರಾತ್ರಿ ಎಚ್ಚರ, ನಿಧಾನವಾದ ತೊದಲು ಮಾತು, ತೂರಾಡುವ ನಡಿಗೆ, ಚಾಚಿದ ಅಂಗೈಯು ಹಕ್ಕಿಯ ರೆಕ್ಕೆಯಂತೆ ಬಡಿದುಕೊಳ್ಳುವದು, ಅಕ್ಷರಗಳು ಕೆಡುವದು. ನೋಡುವವರಿಗೆ ಇದೆಲ್ಲವೂ ಅಮಲಿನಂತೆಯೇ ಕಾಣುವದರಿಂದ, ಹನಿಯನ್ನೂ ಮುಟ್ಟದವನು ಕಳ್ಳನಾಗುತ್ತಾನೆ, ಔಷಧದ ಹೊತ್ತು ಬೈಗುಳದಲ್ಲಿ ಕಳೆದುಹೋಗುತ್ತದೆ. ಇಂಥ ರೋಗಿಯಲ್ಲಿ ಈ ಲಕ್ಷಣಗಳು ಕಂಡರೆ ಅವನು ಕುಡಿದಿರಲಿ ಬಿಡಲಿ, ಆಸ್ಪತ್ರೆಗೆ ಒಯ್ಯಬೇಕು. ವಿಚಾರಣೆಯನ್ನು ಆಮೇಲೆ ಮಾಡಬಹುದು. ರಕ್ತವಾಂತಿಯಾದರೂ, ಮಲವು ಡಾಂಬರಿನಂತೆ ಕಪ್ಪಾದರೂ ಕ್ಷಣವೂ ತಡಮಾಡದೆ 108ಕ್ಕೆ ಕರೆಮಾಡತಕ್ಕದ್ದು.

"ಬಿಟ್ಟ ಮೇಲೂ ಹೀಗಾಯಿತಲ್ಲ, ಬಿಟ್ಟು ಏನು ಫಲ?" ಎಂದು ಆ ತಾಯಿಯು ನನ್ನನ್ನು ಕೇಳಿದಳು. ನಾನು ವೈದ್ಯರನ್ನು ಕೇಳಿ ತಿಳಿದುಕೊಂಡದ್ದು ಇಷ್ಟು. ಯಕೃತ್ತಿನ ಮೇಲಿನ ಕಲೆಯು ಹಲವು ವರ್ಷಗಳದ್ದು. ಕುಡಿತವು ನಿಂತೊಡನೆ ಅದು ಮಾಯುವದಿಲ್ಲ. ಆದರೂ ರೋಗವು ಬಲಿತ ಮೇಲೆ ಸಹ ಮದ್ಯವನ್ನು ಬಿಟ್ಟವರು ಬಿಡದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ಅವರು ಬಿಡದೆ ಇದ್ದಿದ್ದರೆ ಆ ಬೆಳಿಗ್ಗೆ ಎಬ್ಬಿಸುವದಕ್ಕೆ ಯಾರೂ ಇಲ್ಲದಿರಬಹುದಾಗಿತ್ತು.

ಶುಶ್ರೂಷೆಯಲ್ಲಿ ಮೊದಲನೆಯದು ಮಲಬದ್ಧತೆಯನ್ನು ತಪ್ಪಿಸುವದು. ವೈದ್ಯರು ಲ್ಯಾಕ್ಟುಲೋಸ್ ಎಂಬ ಸಿಹಿಯಾದ ಪಾನಕವನ್ನು ಕೊಡುತ್ತಾರೆ. ದಿನಕ್ಕೆ ಎರಡು ಮೂರು ಬಾರಿ ಮೃದುವಾಗಿ ಮಲವಿಸರ್ಜನೆಯಾಗಬೇಕು. ಇದನ್ನು ಲೆಕ್ಕವಿಡಲು ನಾಚಬಾರದು. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಉಪ್ಪು ಕಡಿಮೆ, ಎಂದರೆ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಇವೆಲ್ಲ ದೂರ. (ಹೊಸಪೇಟೆಯವರಿಗೆ ಇದು ಸಣ್ಣ ತ್ಯಾಗವಲ್ಲವೆಂಬದನ್ನು ಬಲ್ಲೆ.) ಬೇಳೆ, ಹಾಲು, ಮೊಟ್ಟೆಗಳನ್ನು ಹಿಂದಿನವರು ನಿಲ್ಲಿಸುತ್ತಿದ್ದರು, ಈಗಿನ ವೈದ್ಯರು ನಿಲ್ಲಿಸಬೇಡಿರೆನ್ನುತ್ತಾರೆ, ಮಲಗುವ ಮುಂಚೆಯೂ ಸ್ವಲ್ಪ ಉಣಿಸಿರೆನ್ನುತ್ತಾರೆ. ನಿದ್ದೆಯ ಮಾತ್ರೆ, ಮೈಕೈ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಾವಾಗಿಯೇ ತರಬಾರದು. ಆಸವ, ಅರಿಷ್ಟಗಳಲ್ಲಿ ಹುದುಗಿನಿಂದ ಹುಟ್ಟಿದ ಮದ್ಯಾಂಶವುಂಟೆಂಬದೂ ನೆನಪಿರಲಿ.

ಇನ್ನು ಮಗಳ ವಿಷಯ. ತಂದೆಯ ಜೇಬು ಶೋಧಿಸುವದು, ಬಾಯಿ ಮೂಸುವದು, ಅಂಗಡಿಯವರೆಗೆ ಹಿಂಬಾಲಿಸುವದು ಇವು ಹದಿನಾಲ್ಕು ವರ್ಷದ ಹುಡುಗಿಯ ಕೆಲಸವಲ್ಲ. ಅವಳ ಅಂಕ ಕಡಿಮೆಯಾದುದರಿಂದ ತಂದೆ ಕುಡಿದದ್ದೂ ಅಲ್ಲ, ಅವಳು ಕಾದುದರಿಂದ ಬಿಟ್ಟದ್ದೂ ಅಲ್ಲ. 1935ರಲ್ಲಿ ಅಮೇರಿಕದ ಅಕ್ರನ್ ಪಟ್ಟಣದಲ್ಲಿ ಇಬ್ಬರು ಕುಡುಕರು ಕೂಡಿ ಆರಂಭಿಸಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘವು ಕುಡಿಯುವವರಿಗಾಗಿ ಹುಟ್ಟಿತು. ಮನೆಯವರಿಗೂ ಬೇರೆ ಆಸರೆ ಬೇಕೆಂದು ಕಂಡು 1951ರಲ್ಲಿ ಆಲ್-ಅನಾನ್, ಹರೆಯದ ಮಕ್ಕಳಿಗಾಗಿ 1957ರಲ್ಲಿ ಆಲಟೀನ್ ಏರ್ಪಟ್ಟವು.

ಆಸರೆಯನ್ನು ಅಷ್ಟು ದೂರದಲ್ಲಿ ಹುಡುಕಬೇಕಾಗಿಯೂ ಇಲ್ಲ. ಮನೋರೋಗಕ್ಕೆ ಊರಿನ ಸಮೀಪದ ಪ್ರಾಥಮಿಕ ಆರೋಗ್ಯಕೇಂದ್ರದಲ್ಲಿಯೇ ಚಿಕಿತ್ಸೆ ಕೊಡಬಹುದೇ ಎಂಬದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಪ್ರಯೋಗಿಸಿ ನೋಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ. ಹೊಸಪೇಟೆಯು ಆಗ ಅದರೊಳಗಿತ್ತು. ಅದೇ ಬಳ್ಳಾರಿ ಮಾದರಿಯೆನಿಸಿ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದಲ್ಲಿ ಹಬ್ಬಿತು. ಇಷ್ಟಾದರೂ ನಮ್ಮವರು ಸರಕಾರಿ ಆಸ್ಪತ್ರೆಯ ಆ ಕೋಣೆಯ ಮುಂದೆ ಸೆರಗು ಮುಚ್ಚಿಕೊಂಡು ನಿಲ್ಲುವದನ್ನು ಕಂಡಿದ್ದೇನೆ. ಹೋಗಲಾರದವರು 14416ಕ್ಕೆ ಕರೆಮಾಡಿದರೆ ಟೆಲಿ-ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತಾಡುತ್ತಾರೆ. ಕುಡಿತದ ವಿಷಯಕ್ಕೆ 14446 ಉಂಟು. ಸಾರಾಯಿಯನ್ನು ನಮ್ಮ ರಾಜ್ಯವು 2007ರ ಜುಲೈ 1ರಿಂದ ನಿಷೇಧಿಸಿತು ನಿಜ. ಕುಡಿಯುವವರು ಬೇರೆ ಸೀಸೆಯನ್ನು ಹಿಡಿದರು.

ಆ ತಂದೆಯು ಒಂಬತ್ತು ದಿನಗಳ ಮೇಲೆ ಆಸ್ಪತ್ರೆಯಿಂದ ಬಂದರು. ನಾನು ಚಿತ್ತವಾಡ್ಗಿಗೆ ಹೋಗಿ ಮಗಳ ಎದುರಿನಲ್ಲಿಯೇ ಕ್ಷಮೆ ಕೇಳಿದೆನು. ಅವರು ಕುರ್ಚಿಯನ್ನು ಒರಸಿ ಕೊಟ್ಟರೇ ಹೊರತು ಏನೂ ಅನ್ನಲಿಲ್ಲ. ಅಕ್ಷರವು ಕೆಡುವದು ಮೊದಲ ಸೂಚನೆಯಾಗಬಹುದೆಂದು ವೈದ್ಯರು ಹೇಳಿದ್ದರಿಂದ, ಬರಿಗೈಯಲ್ಲಿ ಹೋಗದೆ ಎರಡು ಗೆರೆಯ ಕಾಪಿಪುಸ್ತಕವೊಂದನ್ನು ಒಯ್ದಿದ್ದೆನು. ಅಂದಿನಿಂದ ಅವರು ದಿನವೂ ಬೆಳಿಗ್ಗೆ ಚಹಾಕ್ಕೆ ಮುಂಚೆ ತಮ್ಮ ಹೆಸರನ್ನೂ ತಾರೀಖನ್ನೂ ಅದರಲ್ಲಿ ಬರೆಯುತ್ತಾರೆ. ಮಗಳು ಬಾಯಿ ಮೂಸುವದನ್ನು ಬಿಟ್ಟು ಬರೆಹವನ್ನು ನೋಡುತ್ತಾಳೆ. ಒಂದು ಬೇಸಿಗೆಯಲ್ಲಿ ಎರಡು ದಿನ ಅಕ್ಷರಗಳು ಗೆರೆಯನ್ನು ಬಿಟ್ಟು ಇಳಿದವು. ಅಂದೇ ಆಸ್ಪತ್ರೆಗೆ ಕರೆದೊಯ್ದರು, ಸಂಜೆಗೆ ಮನೆಗೆ ಬಂದರು. ಈಗ ನಾಲ್ಕನೆಯ ಪುಸ್ತಕವು ನಡೆದಿದೆ.