ಇನ್ನೂರು ರೂಪಾಯಿಯ ಫಿಲ್ಟರಿನ ಮೇಲಣ ಆರೋಪ

ಕಾರನ್ನಿಟ್ಟುಕೊಂಡ ಗೃಹಸ್ಥನಿಗೆ ಒದಗಬಹುದಾದ ವೆಚ್ಚಗಳಲ್ಲಿ ಎಂಜಿನ್ನನ್ನು ಬಿಚ್ಚಿ ಕಟ್ಟಿಸುವ ವೆಚ್ಚದಷ್ಟು ಭಾರವಾದುದು ವಿರಳ. ಅಂಥ ವೆಚ್ಚಕ್ಕೆ ಕಾರಣವೇನೆಂದು ವಿಚಾರಿಸುವಾಗ ಎಲ್ಲಕ್ಕಿಂತ ಮೊದಲು ದೂಷಣೆಗೆ ಗುರಿಯಾಗುವ ವಸ್ತುವಾದರೋ, ಸಣ್ಣ ಕಾರಿಗೆ ಇನ್ನೂರು ರೂಪಾಯಿಯ ಆಸುಪಾಸಿನಲ್ಲಿ ದೊರೆಯುವ ಆಯಿಲ್ ಫಿಲ್ಟರು. ‘ಹೊರಗಡೆಯ ಫಿಲ್ಟರು ಹಾಕಿಸಿದ್ದೀರಿ, ಅದಕ್ಕೇ ಎಂಜಿನ್ ಹೋಗಿದೆ’ ಎಂಬ ಮಾತು ವರ್ಕ್‌ಶಾಪಿನಲ್ಲಿ ಬಹು ಸಲೀಸಾಗಿ ಹೊರಡುತ್ತದೆ. ಆ ಮಾತು ದಿಟವಾದರೆ ಹಣ ತೆರುವವನು ಮಾಲೀಕ ಅಥವಾ ಫಿಲ್ಟರು ಮಾರಿದವನು. ದಿಟವಲ್ಲದಿದ್ದರೆ ವಾರಂಟಿ ಕೊಟ್ಟವನು. ಲಕ್ಷ ರೂಪಾಯಿಯ ಹೊರೆ ಯಾರ ಹೆಗಲಿಗೆಂಬುದು ಈ ಒಂದು ಮಾತಿನ ಸತ್ಯಾಸತ್ಯತೆಯನ್ನು ಅವಲಂಬಿಸಿರುವುದರಿಂದ, ಯಂತ್ರಶಾಸ್ತ್ರಕ್ಕೆ ಸೇರಿದಂತೆ ಕಾಣುವ ಈ ವಿಷಯವು ಹಣಕಾಸಿನ ಅಂಕಣಕ್ಕೂ ಸಲ್ಲುತ್ತದೆ.

ಆರೋಪವನ್ನು ತೂಗುವ ಮೊದಲು ಫಿಲ್ಟರಿನ ರಚನೆಯನ್ನು ತಿಳಿಯಬೇಕು. ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಂಬಾತನು 1923ರ ಸುಮಾರಿಗೆ ಮೋಟಾರಿನ ಎಣ್ಣೆಯನ್ನು ಸೋಸುವ ‘ಪ್ಯೂರೋಲೇಟರ್’ ಎಂಬ ಸಾಧನವನ್ನು ನಿರ್ಮಿಸಿದನು. ಇಂದಿನ ಫಿಲ್ಟರಿನ ತಗಡಿನ ಡಬ್ಬಿಯೊಳಗೆ ನೆರಿಗೆ ನೆರಿಗೆಯಾಗಿ ಮಡಿಸಿದ ಕಾಗದವಿದೆ. ಎಂಜಿನ್ ನಿಂತಾಗ ಎಣ್ಣೆ ಹಿಂದಕ್ಕೆ ಬಸಿದುಹೋಗದಂತೆ ತಡೆಯುವ ರಬ್ಬರಿನ ಕವಾಟವಿದೆ. ಡಬ್ಬಿಗೂ ಎಂಜಿನ್ನಿಗೂ ನಡುವೆ ಸೋರಿಕೆಯನ್ನು ತಡೆಯುವ ರಬ್ಬರ್ ಉಂಗುರವಿದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಸ್ಪ್ರಿಂಗಿನ ಬಲದಿಂದ ಮುಚ್ಚಿರುವ ಬೈಪಾಸ್ ವಾಲ್ವ್ ಇದೆ (ಕೆಲವು ಎಂಜಿನ್ನುಗಳಲ್ಲಿ ಇದು ಡಬ್ಬಿಯ ಹೊರಗೆ ಎಂಜಿನ್ನಿನ ಮೈಯಲ್ಲೇ ಇರುತ್ತದೆ). ಕೆರೆಗೆ ಕೋಡಿಯಿದ್ದಂತೆ ಫಿಲ್ಟರಿಗೆ ಈ ವಾಲ್ವು. ಕಾಗದವು ಕೊಳೆಯಿಂದ ಕಟ್ಟಿಕೊಂಡರೆ, ಅಥವಾ ಚಳಿಗೆ ಎಣ್ಣೆ ಮಂದವಾಗಿದ್ದರೆ, ಒತ್ತಡ ಏರಿ ವಾಲ್ವು ತೆರೆಯುತ್ತದೆ. ಎಣ್ಣೆ ಸೋಸದೆಯೇ ಬೇರಿಂಗುಗಳತ್ತ ಹರಿಯುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳೆಯೆಣ್ಣೆಯಾದರೂ ಇರುವುದು ಮೇಲೆಂಬುದು ಅದರ ನಿರ್ಮಾಪಕರ ವಿವೇಕ.

ಈ ವಿವೇಕವನ್ನು ಮನಗಂಡರೆ ಆರೋಪದ ಅರ್ಧಭಾಗ ತಾನಾಗಿಯೇ ಸಡಿಲುತ್ತದೆ. ಕಟ್ಟಿಕೊಂಡ ಫಿಲ್ಟರಾಗಲಿ, ಕಳಪೆ ಕಾಗದದ ಫಿಲ್ಟರಾಗಲಿ ಸಾಮಾನ್ಯವಾಗಿ ಎಂಜಿನ್ನನ್ನು ಒಂದೇ ದಿನದಲ್ಲಿ ಕೊಲ್ಲುವುದಿಲ್ಲ. ಅದು ಮಾಡುವ ಹಾನಿ ಕ್ಷಯರೋಗದಂತೆ ನಿಧಾನವಾದುದು, ಆದರೆ ಅಲ್ಪವಾದುದಲ್ಲ. ಬೇರಿಂಗಿನೊಳಗಣ ಎಣ್ಣೆಯ ಪದರದ ದಪ್ಪ ಕೆಲವೇ ಮೈಕ್ರಾನುಗಳು, ಮನುಷ್ಯನ ಕೂದಲಿನದು ಎಪ್ಪತ್ತರಷ್ಟು. ಆದಕಾರಣ ಕಣ್ಣಿಗೆ ಕಾಣದ ಧೂಳಿನ ಕಣವೇ ಲೋಹವನ್ನು ಉಜ್ಜಿ ಸವೆಸುವುದು. 1988ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ತಂತ್ರಜ್ಞರು ಪ್ರಕಟಿಸಿದ ಪ್ರಯೋಗದ ಪ್ರಕಾರ, 40 ಮೈಕ್ರಾನಿನ ಫಿಲ್ಟರಿಗೆ ಬದಲಾಗಿ 30 ಮೈಕ್ರಾನಿನದನ್ನು ಬಳಸಿದಾಗ ಎಂಜಿನ್ನಿನ ಸವೆತ ಶೇಕಡಾ 50ರಷ್ಟೂ, 15 ಮೈಕ್ರಾನಿನದನ್ನು ಬಳಸಿದಾಗ ಶೇಕಡಾ 70ರಷ್ಟೂ ತಗ್ಗಿತು. ಅದು ಪ್ರಯೋಗಾಲಯದಲ್ಲಿ ಸವೆತವನ್ನು ತ್ವರೆಗೊಳಿಸಿ ಕಂಡ ಫಲವೆಂಬುದನ್ನು ಮರೆಯದಿದ್ದರೂ, ಒಳ್ಳೆಯ ಫಿಲ್ಟರು ಎಂಜಿನ್ನಿನ ಆಯುಷ್ಯವನ್ನು ವೃದ್ಧಿಗೊಳಿಸುವುದೆಂಬ ತತ್ತ್ವ ನಿಸ್ಸಂದೇಹ.

ಫಿಲ್ಟರೊಂದೇ ಎಂಜಿನ್ನನ್ನು ಹಠಾತ್ತಾಗಿ ಕೆಡಿಸುವ ಸಂದರ್ಭಗಳೂ ಇಲ್ಲದಿಲ್ಲ. ಹಳೆಯ ರಬ್ಬರ್ ಉಂಗುರ ಎಂಜಿನ್ನಿಗೆ ಅಂಟಿಕೊಂಡಿರುವುದನ್ನು ಗಮನಿಸದೆ ಹೊಸ ಫಿಲ್ಟರನ್ನು ಅದರ ಮೇಲೆಯೇ ಬಿಗಿದರೆ ಎರಡು ಉಂಗುರಗಳ ನಡುವಿನಿಂದ ಎಣ್ಣೆಯೆಲ್ಲ ಚಿಮ್ಮಿ, ಆಯಿಲ್ ಲೈಟನ್ನು ಅಲಕ್ಷಿಸಿ ಓಡಿಸಿದಲ್ಲಿ, ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಸೀಜ್ ಆಗಬಹುದು. ನಕಲಿ ಮಾಲಿನಲ್ಲಿ ಒಳಗಣ ಕೊಳವೆ ಕುಸಿದು ಹರಿವನ್ನೇ ತಡೆಯಬಹುದು. ಕಾಗದ ಹರಿದು ಅದರ ಚೂರುಗಳು ಟರ್ಬೋವಿನ ಸಣ್ಣ ಎಣ್ಣೆದಾರಿಯಲ್ಲಿ ಸಿಕ್ಕಿಕೊಳ್ಳಬಹುದು. ಆದರೆ ಇವುಗಳಲ್ಲಿ ಪ್ರತಿಯೊಂದೂ ತನ್ನ ಕುರುಹನ್ನು ಬಿಟ್ಟೇ ಹೋಗುವುದು: ಸೋರಿದ ಎಣ್ಣೆ, ಕುಸಿದ ಕೊಳವೆ, ಹರಿದ ಕಾಗದ. ಕುರುಹಿಲ್ಲದ ಆರೋಪಕ್ಕೆ ಹಣ ತೆರಬೇಕಾದ ಕಾರಣವಿಲ್ಲ.

ಕೆಲವು ವರ್ಷಗಳ ಹಿಂದೆ ಈ ನ್ಯಾಯ ನನ್ನ ಪಾಲಿಗೇ ಪ್ರಯೋಜನಕ್ಕೆ ಬಂತು. ತುಮಕೂರಿನ ರಸ್ತೆಯಲ್ಲಿ ಹೋಗುತ್ತಿರುವಾಗ ಕಾರಿನ ಆಯಿಲ್ ಲೈಟು ಮಿನುಗಿತು. ಒಡನೆಯೇ ಎಂಜಿನ್ನನ್ನು ನಿಲ್ಲಿಸಿ ಕಾರನ್ನು ಎಳೆಸಿಕೊಂಡು ಸರ್ವಿಸ್ ಸೆಂಟರಿಗೆ ಒಯ್ದೆ. ಬೇರಿಂಗುಗಳು ಕೆಟ್ಟಿವೆಯೆಂದೂ, ಫಿಲ್ಟರನ್ನು ಹೊರಗೆ ಕೊಂಡದ್ದರಿಂದ ವಾರಂಟಿ ಸಲ್ಲದೆಂದೂ, ಲಕ್ಷಕ್ಕೆ ಮೇಲ್ಪಟ್ಟು ಖರ್ಚಾಗುವುದೆಂದೂ ಅಲ್ಲಿಯವರು ತಿಳಿಸಿದರು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಬಿಲ್ ಸಮೇತ ಕೊಂಡಿದ್ದ ಕಂಪನಿ ಮಾಲು ಅದು; ಬಿಲ್ಲು ನನ್ನಲ್ಲಿತ್ತು. ‘ಫಿಲ್ಟರನ್ನು ನನ್ನೆದುರಿಗೇ ಕತ್ತರಿಸಿ ತೋರಿಸಿ, ಅನಂತರ ಮಾತನಾಡೋಣ’ ಎಂದೆ.

ಹ್ಯಾಕ್ಸಾದಿಂದ ಕೊಯ್ದರೆ ಗರಗಸದ ಪುಡಿಯೇ ಒಳಗೆ ಬಿದ್ದು ಸಾಕ್ಷ್ಯ ಕೆಡುವುದರಿಂದ, ಡಬ್ಬಿಯ ಸುತ್ತ ತಿರುಗಿಸಿ ಕತ್ತರಿಸುವ ಕಟ್ಟರನ್ನೇ ತರಿಸಿದೆವು. ಮುಚ್ಚಳ ಕಳಚಿದಾಗ ಒಳಗಣ ಕೊಳವೆ ನೆಟ್ಟಗಿತ್ತು. ಕವಾಟದ ರಬ್ಬರು ಬೆರಳಿಗೆ ಮೆತ್ತಗೆ ಬಾಗುತ್ತಿತ್ತು. ಸ್ಕ್ರೂಡ್ರೈವರಿನಿಂದ ಒತ್ತಿದರೆ ಬೈಪಾಸ್ ವಾಲ್ವು ತೆರೆದು ತಾನೇ ಮುಚ್ಚಿಕೊಳ್ಳುತ್ತಿತ್ತು. ನೆರಿಗೆಗಳನ್ನು ಬಿಡಿಸಿ ಬಿಳಿಯ ಬಟ್ಟೆಯ ಮೇಲೆ ಹಾಸಿದಾಗ ಕಾಗದ ಎಲ್ಲಿಯೂ ಹರಿದಿರಲಿಲ್ಲ, ಮಡಿಕೆಗಳಲ್ಲಿ ಮಾತ್ರ ಬೆಳ್ಳಿಯ ಬಣ್ಣದ ಸಣ್ಣ ಹೊಪ್ಪಳೆಗಳು ಹೊಳೆಯುತ್ತಿದ್ದವು. ಅಲ್ಲಿದ್ದ ಹಿರಿಯ ಮೆಕ್ಯಾನಿಕ್ಕೊಬ್ಬರು ಅಯಸ್ಕಾಂತವನ್ನು ಹಿಡಿದರು, ಹೊಪ್ಪಳೆಗಳು ಅಲುಗಲಿಲ್ಲ. ಅವು ಕಬ್ಬಿಣವಲ್ಲ, ಬೇರಿಂಗಿನದೇ ಲೋಹ. ಎಂದಮೇಲೆ ಫಿಲ್ಟರು ತನ್ನ ಕರ್ತವ್ಯವನ್ನು ನೆರವೇರಿಸಿತ್ತು. ಬೇರಿಂಗು ಮೊದಲು ಕೆಟ್ಟು, ಅದರ ಚೂರುಗಳು ಅನಂತರ ಫಿಲ್ಟರಿಗೆ ಬಂದು ಸಿಕ್ಕಿದ್ದವು. ನಿಜವಾದ ಕಾರಣ ಎಣ್ಣೆಯ ಸಂಪನ್ನು ಬಿಚ್ಚಿದಾಗ ದೊರೆಯಿತು: ಹಿಂದೆ ಅದೇ ಸರ್ವಿಸ್ ಸೆಂಟರಿನಲ್ಲಿ ಸಂಪಿಗೆ ಹಚ್ಚಿದ್ದ ಸೀಲೆಂಟ್ ಮಿತಿಮೀರಿ, ಅದರ ಎಳೆಗಳು ಕಳಚಿ ಪಂಪಿನ ಜಾಲರಿಯನ್ನು ಮುಚ್ಚಿದ್ದವು. ರಿಪೇರಿಯೆಲ್ಲ ವಾರಂಟಿಯಲ್ಲೇ ಆಯಿತು.

ಓದುಗರು ತಮ್ಮ ಹಕ್ಕನ್ನೂ ತಿಳಿದಿರುವುದು ಶ್ರೇಯಸ್ಕರ. ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳ ವಿರುದ್ಧ ನೀಡಿದ ಆದೇಶದಲ್ಲಿ, ಹೊರಗಿನ ಮೆಕ್ಯಾನಿಕ್ಕರಲ್ಲಿ ಕೆಲಸ ಮಾಡಿಸಿದ ಮಾತ್ರಕ್ಕೆ ವಾರಂಟಿ ಸಾರಾಸಗಟಾಗಿ ರದ್ದೆಂಬ ಷರತ್ತನ್ನು ವಿಧಿಸಕೂಡದೆಂದೂ, ಹೊರಗಿನ ದೋಷಯುಕ್ತ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ವಾರಂಟಿಯನ್ನು ನಿರಾಕರಿಸಬಹುದೆಂದೂ ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ವ್ಯಾಜ್ಯಕಾರಣ ಹುಟ್ಟಿದ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು; ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ; ಅಗತ್ಯವಾದರೆ ಆಯೋಗವು ವಸ್ತುವನ್ನು ಪ್ರಯೋಗಾಲಯದ ಪರೀಕ್ಷೆಗೂ ಕಳಿಸಬಲ್ಲುದು. ವಿಮೆಯನ್ನು ಮಾತ್ರ ಇಲ್ಲಿ ನೆಚ್ಚುವಂತಿಲ್ಲ. ಸಾಮಾನ್ಯ ಮೋಟಾರು ಪಾಲಿಸಿಯು ಯಾಂತ್ರಿಕ ವೈಫಲ್ಯವನ್ನು ತನ್ನ ಹೊಣೆಯಿಂದ ಹೊರಗಿಟ್ಟಿದೆ.

ಇನ್ನು ಖರ್ಚಿನ ಲೆಕ್ಕ. ನಕಲಿ ಫಿಲ್ಟರಿನಿಂದ ಉಳಿಯುವುದು ಒಂದು ಸಲಕ್ಕೆ ನೂರು ರೂಪಾಯಿಯೊಳಗೆ. ವರ್ಷಕ್ಕೊಮ್ಮೆ ಬದಲಾಯಿಸಿದರೆ ಹತ್ತು ವರ್ಷಕ್ಕೆ ಸಾವಿರ ರೂಪಾಯಿಯೂ ಉಳಿಯದು. ಆ ಸಾವಿರಕ್ಕಾಗಿ ಲಕ್ಷದ ವಸ್ತುವನ್ನು ಅಪಾಯಕ್ಕೊಡ್ಡುವುದು ಮಿತವ್ಯಯವೆನಿಸದು. ಅಂತೆಯೇ, ಭಯಪಟ್ಟು ಅತಿ ದುಬಾರಿಯ ಫಿಲ್ಟರನ್ನೇ ಅರಸಬೇಕಾದ್ದೂ ಇಲ್ಲ. ವಾಹನದ ಕಂಪನಿ ಸೂಚಿಸಿದ ಅಳತೆಯ, ಪ್ರತಿಷ್ಠಿತ ತಯಾರಕರ ಫಿಲ್ಟರನ್ನು ಬಿಲ್ ಸಹಿತ ಕೊಂಡು, ಹಾಕಿಸಿದ ದಿನಾಂಕ ಮತ್ತು ಕಿಲೋಮೀಟರನ್ನು ಆ ಬಿಲ್ಲಿನ ಮೇಲೆಯೇ ಬರೆದಿಡುವುದು ಸಾಕು. ಹೊಸದನ್ನು ಹಾಕಿದೊಡನೆ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಕೆಳಗೆ ಬಗ್ಗಿ ಸೋರಿಕೆಯಿದೆಯೇ ನೋಡಬೇಕು. ಮುಂದೆಂದಾದರೂ ಎಂಜಿನ್ ಕೆಟ್ಟು ಯಾರಾದರೂ ಫಿಲ್ಟರಿನತ್ತ ಬೆರಳು ತೋರಿದರೆ, ಆ ಫಿಲ್ಟರನ್ನು ಕತ್ತರಿಸಿ ತೋರಿಸುವವರೆಗೆ ಎಸ್ಟಿಮೇಟಿಗೆ ಸಹಿ ಹಾಕಬೇಡಿ.